ಸದ್ದು ಯಾವಾಗ ನಿಲ್ಲುತ್ತದೆ?

“ಗೇರ್ ಬಾಕ್ಸ್ ಇಳಿಸಿ ನೋಡ್ಬೇಕು ಸಾರ್.”

ಕಾರು ಇಟ್ಟುಕೊಂಡವರ ಎದೆ ಧಸಕ್ಕೆನಿಸುವ ಮಾತುಗಳಲ್ಲಿ ಇದೂ ಒಂದು. ಇಳಿಸುವುದೆಂದರೆ ಆಕ್ಸಲ್‌ಗಳನ್ನು ಕಳಚಬೇಕು, ಆಯಿಲ್ ಬಸಿಯಬೇಕು, ಕ್ಲಚ್ ಕೇಬಲ್ಲು, ಗೇರ್ ಲಿಂಕೇಜು, ಸ್ಟಾರ್ಟರ್ ಮೋಟಾರು ಎಲ್ಲವನ್ನೂ ಬಿಚ್ಚಬೇಕು. ಆಮೇಲೆ ಎಂಜಿನ್ನಿಗೆ ಆಸರೆ ಕೊಟ್ಟು, ಒಬ್ಬನೇ ಹಿಡಿಯಲು ತ್ರಾಸಾಗುವ ಆ ಅಲ್ಯೂಮಿನಿಯಂ ಪೆಟ್ಟಿಗೆಯನ್ನು ಎಳೆದು ನೆಲಕ್ಕಿಳಿಸಬೇಕು. ಎಷ್ಟೋ ಸಲ ಬದಲಾಯಿಸುವ ಭಾಗದ ಬೆಲೆಗಿಂತ ಕೂಲಿಯೇ ಹೆಚ್ಚು. ಇಷ್ಟೆಲ್ಲ ಮಾಡಿ, ಒಳಗೆ ಎಲ್ಲ ನೆಟ್ಟಗಿದೆ ಎಂದು ಕಂಡು, ಮತ್ತೆ ಏರಿಸಿ ಬೋಲ್ಟು ಬಿಗಿದ ಮೇಲೂ ಅದೇ ಸದ್ದು ಬರುವುದುಂಟು. ಸದ್ದು ಗೇರ್ ಬಾಕ್ಸಿನದು ಆಗಿರಲೇ ಇಲ್ಲ, ಅಷ್ಟೆ.

ಹೀಗಾಗುವುದಕ್ಕೆ ಮುಖ್ಯ ಕಾರಣ, ನಾವು ಸದ್ದನ್ನು ಅದರ ಬಣ್ಣದಿಂದ ಗುರುತಿಸಲು ಹೋಗುವುದು. ಗರಗರ ಅಂದರೆ ಬೇರಿಂಗು, ಗುಂಯ್ ಅಂದರೆ ಗೇರಿನ ಹಲ್ಲು, ಕಟಕಟ ಅಂದರೆ ಇನ್ನೇನೋ. ಈ ಪಟ್ಟಿಯಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಅದನ್ನು ನಂಬಿ ಸ್ಪ್ಯಾನರ್ ಹಿಡಿಯುವಷ್ಟಿಲ್ಲ. ಬೇರಿಂಗಿನಲ್ಲಿ ಹುಟ್ಟಿದ ಕಂಪನ ಉಕ್ಕಿನೊಳಗೆ ಸೆಕೆಂಡಿಗೆ 5 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಸಾಗುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಸುಮಾರು 340 ಮೀಟರ್ ಮಾತ್ರ. ಪೆಟ್ಟಿಗೆ, ಮೌಂಟಿಂಗು, ಕಾರಿನ ತಳದ ತಗಡು ಎಲ್ಲವನ್ನೂ ಅದುರಿಸಿ, ಕೊನೆಗೆ ಯಾವುದೋ ತಗಡಿನ ಮೂಲಕ ಗಾಳಿಗೆ ಬಿದ್ದು ನಮ್ಮ ಕಿವಿಗೆ ಬರುವಷ್ಟರಲ್ಲಿ ಅದರ ಬಣ್ಣವೂ ಬದಲಾಗಿರುತ್ತದೆ, ಬಂದ ದಿಕ್ಕೂ ಸುಳ್ಳಾಗಿರುತ್ತದೆ. ಒಂದೇ ಬಗೆಯ ಬೇರಿಂಗು ಒಂದು ಕಾರಿನಲ್ಲಿ ಗರಗರ ಎಂದರೆ ಇನ್ನೊಂದರಲ್ಲಿ ಗೊಂಯ್ ಎನ್ನುತ್ತದೆ.

ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ಸದ್ದು ಹೇಗಿದೆ ಎಂದಲ್ಲ, ಯಾವಾಗ ನಿಲ್ಲುತ್ತದೆ ಎಂದು. ತಿರುಗದ, ಭಾರ ಹೊರದ ಭಾಗ ಸದ್ದು ಮಾಡುವುದಿಲ್ಲ. ಯಾವ ಭಾಗ ಯಾವಾಗ ತಿರುಗಬೇಕು, ಯಾವಾಗ ಭಾರ ಹೊರಬೇಕು ಎಂಬುದನ್ನು ಬದಲಿಸುವ ಉಪಕರಣಗಳು ಚಾಲಕನ ಕೈಕಾಲುಗಳಲ್ಲೇ ಇವೆ: ಕ್ಲಚ್ ಪೆಡಲ್, ಗೇರ್ ಕಡ್ಡಿ, ಆಕ್ಸಿಲರೇಟರ್. ಇಷ್ಟನ್ನೇ ಬಳಸಿ, ಒಂದು ನಟ್ಟನ್ನೂ ಸಡಿಲಿಸದೆ, ತಪ್ಪಿತಸ್ಥನ ಹತ್ತಿರಕ್ಕೆ ಹೋಗಬಹುದು.

ಅದಕ್ಕೆ ಮುಂಚೆ ಒಳಗೆ ಏನು ನಡೆಯುತ್ತದೆ ಎಂಬ ಚಿತ್ರ ಮನಸ್ಸಿನಲ್ಲಿರಬೇಕು. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿಗೆ ಫ್ಲೈವೀಲು, ಅದಕ್ಕೆ ಒತ್ತಿಕೊಂಡ ಕ್ಲಚ್ ಪ್ಲೇಟು, ಪ್ಲೇಟಿನ ನಡುವಿನಿಂದ ಹೊರಟು ಪೆಟ್ಟಿಗೆಯೊಳಗೆ ಹೋಗುವ ಇನ್‌ಪುಟ್ ಶಾಫ್ಟು. ಒಳಗಿರುವ ಮುಂಗೇರುಗಳ ಜೋಡಿಗಳೆಲ್ಲ ಸದಾ ಒಂದಕ್ಕೊಂದು ಹಲ್ಲು ಕಚ್ಚಿಕೊಂಡೇ ಇರುತ್ತವೆ. ಗೇರ್ ಹಾಕುವುದೆಂದರೆ ಹಲ್ಲಿಗೆ ಹಲ್ಲು ಸೇರಿಸುವುದಲ್ಲ. ಶಾಫ್ಟಿನ ಮೇಲೆ ಸಡಿಲವಾಗಿ ತಿರುಗುತ್ತಿರುವ ಗೇರುಗಳಲ್ಲಿ ಒಂದನ್ನು, ಪಕ್ಕದ ಸ್ಲೀವ್ ಎಂಬ ಬಳೆಯನ್ನು ಸರಿಸಿ, ಶಾಫ್ಟಿಗೆ ಬಂಧಿಸುವುದು. ಇದರಿಂದ ಹೊರಡುವ ಒಂದು ಸಂಗತಿ ಹಲವರಿಗೆ ಹೊಸದು. ನ್ಯೂಟ್ರಲ್‌ನಲ್ಲಿ ನಿಂತ ಕಾರಿನ ಗೇರ್ ಬಾಕ್ಸ್ ವಿಶ್ರಾಂತಿಯಲ್ಲಿರುವುದಿಲ್ಲ. ಪೆಡಲಿನ ಮೇಲೆ ಕಾಲಿಲ್ಲದಿದ್ದರೆ ಇನ್‌ಪುಟ್ ಶಾಫ್ಟು ತಿರುಗುತ್ತಿರುತ್ತದೆ, ಅದರ ಬೇರಿಂಗು ತಿರುಗುತ್ತಿರುತ್ತದೆ, ಅದಕ್ಕೆ ಬಂಧಿಸಿದ ಗೇರುಗಳೂ ಅವುಗಳ ಜೋಡಿಗಳೂ ತಿರುಗುತ್ತಿರುತ್ತವೆ. ಚಕ್ರಕ್ಕೆ ಹೋಗುವ ಕೊನೆಯ ಶಾಫ್ಟು ಮಾತ್ರ ನಿಂತಿರುತ್ತದೆ.

ಮೊದಲ ಪರೀಕ್ಷೆ ಇಲ್ಲಿಂದಲೇ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿಟ್ಟು, ಕಿಟಕಿ ಇಳಿಸಿ, ಫ್ಯಾನು ರೇಡಿಯೋ ಆರಿಸಿ ಕುಳಿತುಕೊಳ್ಳಿ. ಕಾಲು ಪೆಡಲಿನ ಮೇಲಿರಬಾರದು. ಈಗ ಸದ್ದಿದೆಯೇ? ಇದ್ದರೆ ಪೆಡಲನ್ನು ನಿಧಾನವಾಗಿ, ತೀರ ನಿಧಾನವಾಗಿ ಒತ್ತುತ್ತ ಹೋಗಿ. ಪೂರ್ತಿ ಒತ್ತಿದಾಗ ಸದ್ದು ನಿಂತರೆ, ಇನ್‌ಪುಟ್ ಶಾಫ್ಟು ನಿಂತಾಗ ಯಾವುದೆಲ್ಲ ನಿಲ್ಲುತ್ತದೋ ಅದರಲ್ಲೇ ದೋಷವಿದೆ: ಇನ್‌ಪುಟ್ ಶಾಫ್ಟಿನ ಬೇರಿಂಗು, ಅಥವಾ ಅದರ ಜೊತೆ ತಿರುಗುವ ಗೇರುಗಳು. ಇದಕ್ಕೆ ತದ್ವಿರುದ್ಧವಾಗಿ, ಸುಮ್ಮನಿದ್ದ ಕಾರು ಪೆಡಲ್ ಒತ್ತಿದ ಕೂಡಲೇ ಕಿರ್ರೆನ್ನಲು ಶುರು ಮಾಡಿದರೆ ಗೇರ್ ಬಾಕ್ಸಿನ ಒಳಗನ್ನು ಮರೆತುಬಿಡಬಹುದು. ಅದು ಬಹುತೇಕ ರಿಲೀಸ್ ಬೇರಿಂಗು. ಪೆಡಲ್ ಒತ್ತಿದಾಗ ಮುಂದೆ ಸರಿದು, ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿಹಿಡಿದು ಗಿರಗಿರನೆ ತಿರುಗುವ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳನ್ನು ಒತ್ತಿ ಹಿಡಿಯುವುದು ಅದರ ಕೆಲಸ.

ನಿಧಾನವಾಗಿ ಒತ್ತಿ ಎಂದದ್ದಕ್ಕೆ ಕಾರಣವಿದೆ. ಬೊಲೆರೋ, ಸುಮೋದಂಥ, ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುವ ವಾಹನಗಳಲ್ಲಿ ಇನ್ನೊಂದು ಬೇರಿಂಗು ಇರುತ್ತದೆ. ಇನ್‌ಪುಟ್ ಶಾಫ್ಟಿನ ಮೂತಿ ಕ್ರ್ಯಾಂಕ್ ಶಾಫ್ಟಿನ ತುದಿಯೊಳಗೆ ಕೂರುವ ಜಾಗದ ಪೈಲಟ್ ಬೇರಿಂಗು. ಕ್ಲಚ್ ಹಿಡಿದಿರುವಷ್ಟು ಹೊತ್ತು ಎರಡೂ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗುವುದರಿಂದ ಅದಕ್ಕೆ ಕೆಲಸವೇ ಇಲ್ಲ. ಕ್ಲಚ್ ಬಿಟ್ಟ ಮೇಲಷ್ಟೇ ಅದು ನಿಜವಾಗಿ ತಿರುಗುವುದು. ಅಂದರೆ ರಿಲೀಸ್ ಬೇರಿಂಗಿನ ಹಾಗೆ ಇದೂ ಪೆಡಲ್ ಒತ್ತಿದಾಗಲೇ ಕೂಗುತ್ತದೆ. ಎರಡನ್ನೂ ಬೇರ್ಪಡಿಸುವುದು ಪೆಡಲಿನ ದಾರಿಯಲ್ಲಿ. ರಿಲೀಸ್ ಬೇರಿಂಗು, ಪೆಡಲಿನ ಸಡಿಲ ಮುಗಿದು ಬೆರಳುಗಳಿಗೆ ತಾಗಿದ ಕ್ಷಣದಿಂದಲೇ, ಅಂದರೆ ಕ್ಲಚ್ ಇನ್ನೂ ಹಿಡಿದಿರುವಾಗಲೇ ಸದ್ದು ಮಾಡುತ್ತದೆ. ಪೈಲಟ್ ಬೇರಿಂಗು ಕ್ಲಚ್ ಪೂರ್ತಿ ಬಿಡುವವರೆಗೂ ಕಾಯುತ್ತದೆ. ಪೆಡಲ್ ಒತ್ತಿಕೊಂಡು ಒಂದು ಗೇರ್ ಹಾಕಿ ನಿಂತರೆ ಅನುಮಾನ ಇನ್ನಷ್ಟು ತಿಳಿಯಾಗುತ್ತದೆ. ಆಗ ಇನ್‌ಪುಟ್ ಶಾಫ್ಟು ಪೂರ್ತಿ ನಿಂತು, ಕ್ರ್ಯಾಂಕ್ ಶಾಫ್ಟು ಅದರ ಮೂತಿಯ ಸುತ್ತ ಪೂರಾ ವೇಗದಲ್ಲಿ ಸುತ್ತುತ್ತಿರುತ್ತದೆ.

ಈಗಿನ ಹಲವು ಕಾರುಗಳಲ್ಲಿ ರಿಲೀಸ್ ಬೇರಿಂಗು ಸದಾ ಬೆರಳುಗಳಿಗೆ ಹಗುರಾಗಿ ತಾಗಿಕೊಂಡೇ ಇರುತ್ತದೆ. ಒಣಗಿದ ಬೇರಿಂಗು ಅಲ್ಲಿ ಕಾಲು ತೆಗೆದಾಗಲೂ ಚಿಲಿಪಿಲಿ ಎಂದು, ಪೆಡಲಿಗೆ ತುಸು ಕಾಲು ತಾಗಿಸಿದ ಕೂಡಲೇ ಬಾಯಿ ಮುಚ್ಚಬಹುದು. ಅರ್ಧ ಇಂಚು ಒತ್ತಿದಾಗ ನಿಂತಿತೋ, ಪೂರ್ತಿ ಒತ್ತಿದಾಗ ನಿಂತಿತೋ ಎಂಬುದು ಇಲ್ಲಿ ತೀರ್ಮಾನದ ವಿಷಯ. ಸಿಗ್ನಲ್ಲಿನಲ್ಲಿ ಮೊದಲ ಗೇರ್ ಹಾಕಿ, ಕ್ಲಚ್ ತುಳಿದುಕೊಂಡು ಹಸಿರು ದೀಪಕ್ಕೆ ಕಾಯುವ ನಮ್ಮ ನಗರದ ಅಭ್ಯಾಸಕ್ಕೆ ಬಲಿಯಾಗುವುದು ಈ ಬಡಪಾಯಿ ಬೇರಿಂಗೇ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಳೆಯುವ ಹೊತ್ತನ್ನೆಲ್ಲ ನ್ಯೂಟ್ರಲ್‌ನಲ್ಲಿ ಕಳೆದರೆ ಅದರ ಆಯುಸ್ಸು ಹೆಚ್ಚುತ್ತದೆ.

ಪೆಡಲಿನ ಪರೀಕ್ಷೆಯಲ್ಲಿ ಒಂದು ಬಲೆಯೂ ಇದೆ. ನ್ಯೂಟ್ರಲ್‌ನಲ್ಲಿ ಸದ್ದಿತ್ತು, ಪೆಡಲ್ ಒತ್ತಿದರೆ ನಿಂತಿತು. ಹಾಗಾದರೆ ಇನ್‌ಪುಟ್ ಬೇರಿಂಗ್ ಹೋಗಿದೆ ಎಂದು ಎಷ್ಟೋ ಒಳ್ಳೆಯ ಪೆಟ್ಟಿಗೆಗಳು ಇಳಿದಿವೆ. ಏನೂ ಕೆಡದ ಪೆಟ್ಟಿಗೆಯೂ ಹೀಗೇ ವರ್ತಿಸಬಲ್ಲದು. ಎಂಜಿನ್ ಒಂದೇ ಸಮನೆ ತಿರುಗುವುದಿಲ್ಲ. ಪ್ರತಿ ಸಿಲಿಂಡರ್ ಉರಿದಾಗ ಕ್ರ್ಯಾಂಕ್ ಶಾಫ್ಟಿಗೆ ಒಂದು ತಳ್ಳು, ಆಮೇಲೆ ಮುಂದಿನ ತಳ್ಳಿನವರೆಗೆ ತುಸು ನಿಧಾನ. ನಿಮಿಷಕ್ಕೆ 750 ಸುತ್ತಿನ ಐಡ್ಲಿಂಗ್‌ನಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ 25 ಸಲ ಹೀಗೆ ತಳ್ಳುತ್ತದೆ, ಮೂರು ಸಿಲಿಂಡರಿನದು 19ಕ್ಕೂ ತುಸು ಕಡಿಮೆ. ತಳ್ಳುಗಳ ನಡುವಿನ ಅಂತರ ಹೆಚ್ಚಾದಷ್ಟೂ ವೇಗದ ಏರಿಳಿತ ಹೆಚ್ಚು. ಗೇರಿನ ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಡಿಲ ಇರಲೇಬೇಕು, ಇಲ್ಲದಿದ್ದರೆ ಬಿಸಿಗೆ ಹಿಗ್ಗಿದಾಗ ಕಚ್ಚಿಕೊಂಡು ಬಿಡುತ್ತವೆ. ಭಾರವಿಲ್ಲದೆ ಸುತ್ತುತ್ತಿರುವ ಗೇರುಗಳು ಈ ಏರಿಳಿತಕ್ಕೆ ಸಿಕ್ಕಿ ಆ ಸಡಿಲದೊಳಗೆ ಹಿಂದೆ ಮುಂದೆ ಬಡಿದುಕೊಂಡು ಕಟಕಟ ಎನ್ನುತ್ತವೆ. ಪೆಡಲ್ ಒತ್ತಿ ಎಂಜಿನ್ನಿನ ಸಂಪರ್ಕ ತಪ್ಪಿಸಿದರೆ ನಿಲ್ಲುತ್ತದೆ.

ಬೇರಿಂಗಿಗೂ ಇದಕ್ಕೂ ವ್ಯತ್ಯಾಸ ಕಾಣಬೇಕಾದರೆ ಆಕ್ಸಿಲರೇಟರನ್ನು ಒಂದಿಷ್ಟು ತುಳಿಯಬೇಕು. ವೇಗ 1,200-1,500 ದಾಟುತ್ತಿದ್ದಂತೆ ಎಂಜಿನ್ನಿನ ಏರಿಳಿತ ತಗ್ಗಿ ಹಲ್ಲುಗಳ ಕಟಕಟ ಕರಗಿಹೋಗುತ್ತದೆ. ಬೇರಿಂಗಿನ ಸದ್ದು ಕರಗುವುದಿಲ್ಲ, ವೇಗದ ಜೊತೆಗೇ ಸ್ವರ ಏರಿಸುತ್ತ ಹೋಗುತ್ತದೆ. ಇನ್ನೊಂದು ಸುಳಿವು ಬಿಸಿಯದು. ಚಳಿಯ ಬೆಳಗ್ಗೆ ಗೇರ್ ಆಯಿಲ್ ಮಂದವಾಗಿದ್ದು ಹಲ್ಲುಗಳ ಓಲಾಟವನ್ನು ಹಿಡಿದಿಡುತ್ತದೆ. ಮಧ್ಯಾಹ್ನದ ಟ್ರಾಫಿಕ್ಕಿನಲ್ಲಿ ಪೆಟ್ಟಿಗೆ ಕಾದು ಆಯಿಲ್ ತೆಳುವಾದಾಗ ಕಟಕಟ ಹೊರಬರುತ್ತದೆ. ಕಾರು ಹಳತಾಗುತ್ತ ಈ ಸದ್ದು ಹೆಚ್ಚಿದರೆ, ಕ್ಲಚ್ ಪ್ಲೇಟಿನ ನಡುವಿನ ಸ್ಪ್ರಿಂಗುಗಳನ್ನೋ, ಡೀಸೆಲ್ ಕಾರಾದರೆ ಎರಡು ತುಂಡಿನ ಫ್ಲೈವೀಲನ್ನೋ ನೋಡಬೇಕು. ಎಂಜಿನ್ನಿನ ನಡುಕ ಪೆಟ್ಟಿಗೆಗೆ ದಾಟದಂತೆ ತಡೆಯಲೆಂದೇ ಇಟ್ಟ ಭಾಗಗಳು ಅವು.

ಬೇರಿಂಗು ನಿಜವಾಗಿ ಹೋದಾಗ ಅದರೊಳಗೆ ಏನಾಗಿರುತ್ತದೆ? ಇದಕ್ಕೆ ಉತ್ತರದ ಮೊದಲ ಭಾಗ ಬರೆದವನು ಹೈನ್ರಿಶ್ ಹರ್ಟ್ಸ್. ರೇಡಿಯೋ ಅಲೆಗಳನ್ನು ಕಂಡು ಹೆಸರಾಗುವುದಕ್ಕೆ ಕೆಲವು ವರ್ಷ ಮೊದಲು, 1880ರ ದಶಕದ ಆರಂಭದಲ್ಲಿ, ಬರ್ಲಿನ್ನಿನಲ್ಲಿ ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಆತ, ಒಂದರ ಮೇಲೊಂದು ಒತ್ತಿದ ಎರಡು ಗಾಜಿನ ಮಸೂರಗಳು ತಾಗುವಲ್ಲಿ ಎಷ್ಟು ಚಪ್ಪಟೆಯಾಗುತ್ತವೆ ಎಂದು ಲೆಕ್ಕ ಹಾಕಿದ. ಅದೇ ಲೆಕ್ಕ ಬೇರಿಂಗಿನ ಗುಂಡಿಗೂ ಒಪ್ಪುತ್ತದೆ. ಉಕ್ಕಿನ ಗುಂಡು ಉಕ್ಕಿನ ಉಂಗುರವನ್ನು ತಾಗುವುದು ಬಿಂದುವಿನಲ್ಲಲ್ಲ, ಅತಿ ಸಣ್ಣ ಅಂಡಾಕಾರದ ಕಲೆಯಲ್ಲಿ. ಆ ಕಲೆಯ ಕೆಳಗೆ ಲೋಹವನ್ನು ಕತ್ತರಿಸುವ ಬಲ ಅತಿ ಹೆಚ್ಚಿರುವುದು ಮೇಲ್ಮೈಯಲ್ಲಲ್ಲ, ಅದಕ್ಕಿಂತ ಸ್ವಲ್ಪ ಆಳದಲ್ಲಿ. ಕೋಟಿಗಟ್ಟಲೆ ಸಲ ಗುಂಡು ಹಾದುಹೋದ ಮೇಲೆ ಕಣ್ಣಿಗೆ ಕಾಣದ ಆ ಆಳದಲ್ಲಿ ಬಿರುಕು ಹುಟ್ಟಿ, ಮೇಲಕ್ಕೆ ಬಂದು, ಒಂದು ಚಕ್ಕೆ ಎದ್ದು ಬೀಳುತ್ತದೆ. ಅಲ್ಲಿಂದ ಮುಂದೆ, ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸು ಓಡಿದ ಹಾಗೆ, ಪ್ರತಿ ಗುಂಡೂ ಅದೇ ಹಳ್ಳಕ್ಕೆ ಧಡ್ ಎಂದು ಇಳಿದು ಏರುತ್ತದೆ.

ಎಷ್ಟು ಸಲ ಇಳಿಯುತ್ತದೆ ಎಂಬುದನ್ನು ಬೇರಿಂಗಿನ ಅಳತೆಗಳಿಂದಲೇ ಹೇಳಬಹುದು. 6205 ಎಂಬ ಸಾಮಾನ್ಯ ಬೇರಿಂಗನ್ನು ತೆಗೆದುಕೊಳ್ಳೋಣ. ಒಳರಂಧ್ರ 25 ಮಿಲಿಮೀಟರ್, ಒಳಗೆ 9 ಗುಂಡುಗಳು. ಶಾಫ್ಟಿನ ಜೊತೆ ಒಳ ಉಂಗುರ ಒಂದು ಸುತ್ತು ಬರುವಷ್ಟರಲ್ಲಿ ಗುಂಡುಗಳ ಗುಂಪು ಅರ್ಧ ಸುತ್ತಿಗಿಂತ ಕಡಿಮೆ ಸಾಗಿರುತ್ತದೆ. ಹೀಗಾಗಿ ಹೊರ ಉಂಗುರದಲ್ಲಿ ಹಳ್ಳವಿದ್ದರೆ ಸುತ್ತಿಗೆ ಸುಮಾರು 3.6 ಬಡಿತ, ಒಳ ಉಂಗುರದಲ್ಲಿದ್ದರೆ 5.4. ಐಡ್ಲಿಂಗ್‌ನಲ್ಲಿ ಶಾಫ್ಟು ಸೆಕೆಂಡಿಗೆ 12.5 ಸುತ್ತು ತಿರುಗುವಾಗ ಇವು ಸೆಕೆಂಡಿಗೆ ಸುಮಾರು 45 ಮತ್ತು 68 ಬಡಿತಗಳಾಗುತ್ತವೆ. ಗೇರಿನ ಹಲ್ಲಿನ ಸದ್ದು ಯಾವಾಗಲೂ ಶಾಫ್ಟಿನ ಸುತ್ತಿನ ಪೂರ್ಣಸಂಖ್ಯೆಯ ಪಟ್ಟು. ಬೇರಿಂಗಿನದು ಹೀಗೆ ದಶಾಂಶದ ಪಟ್ಟು. ಶಾಫ್ಟಿನ ಲಯಕ್ಕೆ ಅದು ಎಂದೂ ಸರಿಹೊಂದುವುದಿಲ್ಲ. ಪ್ರತಿ ಬಡಿತಕ್ಕೂ ಉಕ್ಕಿನ ಉಂಗುರ ತನ್ನದೇ ಎತ್ತರದ ಸ್ವರದಲ್ಲಿ ಝಣ್ ಎನ್ನುತ್ತದೆ. ಬೇರಿಂಗಿನ ಸದ್ದಿನಲ್ಲಿ ನಮಗೆ ಒರಟು ಎನ್ನಿಸುವುದು ಈ ಎರಡರ ಬೆರಕೆ. ಕಾರ್ಖಾನೆಗಳಲ್ಲಿ ದೊಡ್ಡ ಯಂತ್ರಗಳ ಕಂಪನವನ್ನು ಅಳೆದು ಯಾವ ಬೇರಿಂಗಿನ ಯಾವ ಉಂಗುರ ಹಾಳಾಗಿದೆ ಎಂದು ಹೇಳುವವರು ಹುಡುಕುವುದು ಇಂಥ ದಶಾಂಶಗಳನ್ನೇ.

ನಿಂತ ಕಾರಿನಲ್ಲಿ ತಿಳಿಯುವುದು ಇಷ್ಟು. ಉಳಿದದ್ದಕ್ಕೆ ರಸ್ತೆಗಿಳಿಯಬೇಕು. ಅದಕ್ಕೆ ಮುಂಚೆ, ಭಾರ ಬಿದ್ದಾಗ ಗೇರಿನ ಹಲ್ಲು ಏಕೆ ಸದ್ದು ಮಾಡುತ್ತದೆ ಎಂದು ತಿಳಿದಿರಬೇಕು.

ಗೇರಿನ ಹಲ್ಲುಗಳಿಗೆ ಇಂದು ಕೊಡುವ ಬಾಗನ್ನು ಸೂಚಿಸಿದವನು 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್. ಸುತ್ತಿದ ದಾರವನ್ನು ಬಿಗಿಯಾಗಿ ಹಿಡಿದು ಬಿಚ್ಚುತ್ತ ಹೋದಾಗ ಅದರ ತುದಿ ಬರೆಯುವ ರೇಖೆ ಅದು. ಹಲ್ಲಿಗೆ ಆ ಆಕಾರವಿದ್ದರೆ ಒಂದು ಚಕ್ರ ಸಮವೇಗದಲ್ಲಿ ತಿರುಗುವಾಗ ಇನ್ನೊಂದೂ ಸಮವೇಗದಲ್ಲೇ ತಿರುಗುತ್ತದೆ, ತಾತ್ವಿಕವಾಗಿ ಸದ್ದೇ ಇರಬಾರದು. ಆದರೆ ಭಾರ ಬಿದ್ದಾಗ ಉಕ್ಕಿನ ಹಲ್ಲೂ ಬಾಗುತ್ತದೆ. ಕೆಲವೇ ಮೈಕ್ರಾನಿನಷ್ಟು ಬಾಗಿದರೂ ಮುಂದಿನ ಹಲ್ಲು ಒಂದಿಷ್ಟು ಮುಂಚೆಯೋ ತಡವಾಗಿಯೋ ಬಂದು ತಾಗುತ್ತದೆ. ಹಲ್ಲಿಗೊಂದು ಸಣ್ಣ ತಟ್ಟು, ಅದೇ ಗುಂಯ್‌ಗುಟ್ಟುವಿಕೆ. 20 ಹಲ್ಲಿನ ಗೇರು ನಿಮಿಷಕ್ಕೆ 1,800 ಸುತ್ತಿದರೆ ಸೆಕೆಂಡಿಗೆ 600 ತಟ್ಟು. ಮುಂಗೇರುಗಳ ಹಲ್ಲನ್ನು ಓರೆಯಾಗಿ ಕಡಿಯುವುದು ಇದನ್ನು ತಗ್ಗಿಸಲಿಕ್ಕೆ. ಓರೆ ಹಲ್ಲು ಒಂದು ತುದಿಯಿಂದ ನಿಧಾನವಾಗಿ ತಾಗುತ್ತ ಬರುತ್ತದೆ, ಅದು ಬಿಡುವ ಮುಂಚೆ ಇನ್ನೊಂದು ಹಿಡಿದಿರುತ್ತದೆ. ಬಹಳಷ್ಟು ಕಾರುಗಳಲ್ಲಿ ರಿವರ್ಸಿಗೆ ಮಾತ್ರ ನೇರ ಹಲ್ಲು. ನಡುವೆ ಒಂದು ಗೇರನ್ನು ಸರಿಸಿ ನಿಜಕ್ಕೂ ಹಲ್ಲಿಗೆ ಹಲ್ಲು ಸೇರಿಸುವುದು ಅಲ್ಲಿ ಮಾತ್ರ. ಹಿಂದಕ್ಕೆ ಹೋಗುವಾಗ ಕಾರು ಊಳಿಡುವುದು ರೋಗವಲ್ಲ, ಅದರ ರಚನೆಯೇ ಹಾಗೆ.

ಓಡುವ ಕಾರಿನಲ್ಲಿ ಸದ್ದು ಎಂಜಿನ್ನಿನ ವೇಗಕ್ಕೆ ಗಂಟುಬಿದ್ದಿದೆಯೋ ಚಕ್ರದ ವೇಗಕ್ಕೋ ಎಂಬುದನ್ನು ಮೊದಲು ಬಿಡಿಸಬೇಕು. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 40ಕ್ಕೆ ಹೋಗಿ ಸ್ವರವನ್ನು ಗಮನಿಸಿ. ಎರಡನೇ ಗೇರಿಗೆ ಬಂದು ಅದೇ 40ರಲ್ಲಿ ಮತ್ತೆ ಕೇಳಿ. ಸ್ವರ ಏರಿದರೆ ದೋಷ ಎಂಜಿನ್ ಕಡೆಯ ಶಾಫ್ಟಿನಲ್ಲಿ. ಕದಲದೆ ಅಲ್ಲೇ ಇದ್ದರೆ ಚಕ್ರದ ಕಡೆ: ಔಟ್‌ಪುಟ್ ಶಾಫ್ಟು, ಡಿಫರೆನ್ಷಿಯಲ್ಲು, ಚಕ್ರದ ಬೇರಿಂಗು, ಇಲ್ಲವೇ ಬರೀ ಟೈರು. ಟೈರಿನದಾದರೆ ಡಾಂಬರು ಬಿಟ್ಟು ಕಾಂಕ್ರೀಟಿಗೆ ಹತ್ತಿದಾಗ ದನಿ ಬದಲಾಗುತ್ತದೆ. ಚಕ್ರದ ಬೇರಿಂಗಾದರೆ ದೊಡ್ಡ ತಿರುವಿನಲ್ಲಿ ತೂಕ ಹೊರಬದಿಗೆ ವಾಲಿದಾಗ ಒಂದು ಕಡೆಗೆ ಜೋರಾಗಿ, ಇನ್ನೊಂದು ಕಡೆಗೆ ಮೆತ್ತಗಾಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಕಟ್ ಕಟ್ ಕಟ್ ಎಂದರೆ ಆಕ್ಸಲಿನ ಜಾಯಿಂಟು. ಟೈರು, ಚಕ್ರದ ಬೇರಿಂಗು, ಈ ಜಾಯಿಂಟು ಯಾವುದಕ್ಕೂ ಪೆಟ್ಟಿಗೆ ಇಳಿಸಬೇಕಾಗಿಲ್ಲ.

ಹಲ್ಲು ಮುರಿದ ಗೇರಿನ ಸದ್ದನ್ನು ಎಣಿಸಿಯೇ ಹಿಡಿಯಬಹುದು. 1.8 ಮೀಟರ್ ಸುತ್ತಳತೆಯ ಚಕ್ರ ಗಂಟೆಗೆ 65 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 10 ಸುತ್ತು ತಿರುಗುತ್ತದೆ, ಅದರ ಜೊತೆಗೇ ಡಿಫರೆನ್ಷಿಯಲ್ಲಿನ ದೊಡ್ಡ ಗೇರೂ. ಅದರ ಒಂದು ಹಲ್ಲು ಮುರಿದಿದ್ದರೆ 65ರಲ್ಲಿ ಬಡಿತಗಳೆಲ್ಲ ಕಲಸಿಹೋಗುತ್ತವೆ. ನಡಿಗೆಯ ವೇಗಕ್ಕೆ, ಆರು ಏಳು ಕಿಲೋಮೀಟರಿಗೆ ಇಳಿಸಿದರೆ ಸೆಕೆಂಡಿಗೊಂದು ಟಕ್. ಅದನ್ನು ತಿರುಗಿಸುವ ಸಣ್ಣ ಗೇರಿನ ಹಲ್ಲು ಮುರಿದಿದ್ದರೆ, ಅಂತಿಮ ಅನುಪಾತ ನಾಲ್ಕರ ಆಸುಪಾಸಿನಲ್ಲಿರುವುದರಿಂದ, ಅದೇ ವೇಗದಲ್ಲಿ ಸುಮಾರು ನಾಲ್ಕು ಟಕ್. ಕಿಟಕಿಯಾಚೆ ಕತ್ತು ಹಾಕಿ ಕುಳಿತ ಸಂಗಡಿಗ, ಕೈಯಲ್ಲೊಂದು ಗಡಿಯಾರ ಇದ್ದರೆ ಸಾಕು.

ಇನ್ನು ಭಾರದ ಪರೀಕ್ಷೆ. ಓರೆ ಹಲ್ಲು ತಿರುಗಿಸುವುದರ ಜೊತೆಗೆ ಶಾಫ್ಟನ್ನು ಅದರ ಉದ್ದಕ್ಕೂ ತಳ್ಳುತ್ತದೆ. ಎಂಜಿನ್ ಚಕ್ರವನ್ನು ಎಳೆಯುವಾಗ ಒಂದು ಕಡೆಗೆ, ಇಳಿಜಾರಿನಲ್ಲಿ ಚಕ್ರವೇ ಎಂಜಿನ್ನನ್ನು ಎಳೆಯುವಾಗ ಎದುರು ಕಡೆಗೆ. ತಾಗುವ ಹಲ್ಲಿನ ಮುಖವೂ ಬದಲಾಗುತ್ತದೆ. ಶಿರಾಡಿ ಘಾಟಿ ಹತ್ತುವಾಗ ಕೆಲಸ ಮಾಡಿದ ಮುಖ, ಇಳಿಯುವಾಗ ಸುಮ್ಮನಿರುತ್ತದೆ. ಹತ್ತುವಾಗ ಗುಂಯ್ ಎಂದು ಇಳಿಯುವಾಗ ಮೌನವಾದರೆ, ಅಥವಾ ಅದರ ಉಲ್ಟಾ ಆದರೆ, ಹಲ್ಲಿನ ಒಂದು ಮುಖ ಸವೆದಿದೆ, ಇಲ್ಲವೇ ಶಾಫ್ಟನ್ನು ಉದ್ದಕ್ಕೆ ಹಿಡಿದಿಡಬೇಕಾದ ಬೇರಿಂಗು ಸಡಿಲವಾಗಿದೆ. ಎರಡೂ ದಿಕ್ಕಿನಲ್ಲಿ ಒಂದೇ ಸಮನೆ ಬಂದರೆ ಬೇರಿಂಗಿನ ಹಾದಿಯಲ್ಲಿ ಚಕ್ಕೆ ಎದ್ದಿರುವ ಸಾಧ್ಯತೆ ಹೆಚ್ಚು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರ್ ಕಡ್ಡಿ ಅಂಗೈಯಲ್ಲಿ ನಡುಗಿ, ತಾನಾಗಿ ನ್ಯೂಟ್ರಲ್ಲಿಗೆ ಹಾರಿದರೆ ಅದನ್ನು ಸದ್ದಿಗಿಂತ ಗಂಭೀರವಾಗಿ ತೆಗೆದುಕೊಳ್ಳಬೇಕು. ಸ್ಲೀವು ಮತ್ತು ಗೇರು ಪರಸ್ಪರ ಹಿಡಿದುಕೊಳ್ಳುವ ಹಲ್ಲುಗಳ ಅಂಚು ಸವೆದಿದೆ ಎಂಬುದರ ಸೂಚನೆ ಅದು, ಘಾಟಿಯಲ್ಲಿ ಎಂಜಿನ್ ಬ್ರೇಕ್ ಕೈಕೊಟ್ಟರೆ ಆಗುವುದು ಬೇರೆಯೇ ಕತೆ.

ಹಳೆಯ ಅಂಬಾಸಿಡರ್‌ನಂಥ, ಪೆಟ್ಟಿಗೆ ಉದ್ದಕ್ಕೆ ಕೂತ ಕಾರುಗಳಲ್ಲಿ ಒಂದು ಚೆಂದದ ಅನುಕೂಲವಿತ್ತು. ನಾಲ್ಕನೇ ಗೇರಿನಲ್ಲಿ ಇನ್‌ಪುಟ್ ಶಾಫ್ಟು ಚಕ್ರದ ಕಡೆಗೆ ಹೋಗುವ ಮೇನ್ ಶಾಫ್ಟಿಗೆ ನೇರವಾಗಿ ಬಂಧಿಸಲ್ಪಡುತ್ತದೆ; ಉಳಿದ ಗೇರುಗಳಲ್ಲಿ ಭಾರ ದಾಟಿಸುವ ಕೆಳಗಿನ ಲೇ ಶಾಫ್ಟು ಆಗ ತಿರುಗಿದರೂ ಭಾರ ಹೊರುವುದಿಲ್ಲ. ಮೂರು ಗೇರಿನಲ್ಲೂ ಕೂಗುತ್ತಿದ್ದ ಪೆಟ್ಟಿಗೆ ನಾಲ್ಕಕ್ಕೆ ಬಂದ ಕೂಡಲೇ ತಣ್ಣಗಾದರೆ ಹಳೆಯ ಮೇಸ್ತ್ರಿ “ಲೇ ಶಾಫ್ಟ್” ಎಂದು ಹೇಳಿ ಬೀಡಿ ಹಚ್ಚುತ್ತಿದ್ದ. ಮಾರುತಿ 800ರಿಂದ ಈಚೆಗೆ ನಮ್ಮ ರಸ್ತೆ ತುಂಬಿರುವ ಅಡ್ಡ ಎಂಜಿನ್ನಿನ ಕಾರುಗಳ ಪೆಟ್ಟಿಗೆಯಲ್ಲಿ ಎರಡೇ ಮುಖ್ಯ ಶಾಫ್ಟುಗಳು. ಎಲ್ಲ ಗೇರಿನಲ್ಲೂ ಭಾರ ಹಲ್ಲಿನ ಮೂಲಕವೇ ಹೋಗಬೇಕು. ಅಂಬಾಸಿಡರಿನ ಕೈ ಪಳಗಿದವರು ಈ ಕಾರುಗಳಿಗೂ ಅದೇ ಸೂತ್ರ ಹಚ್ಚಿದರೆ ತಪ್ಪುತ್ತಾರೆ.

ಎರಡೂ ಬಗೆಯ ಪೆಟ್ಟಿಗೆಗಳಿಗೆ ಸಲ್ಲುವ ಇನ್ನೊಂದು ಸೂಕ್ಷ್ಮವಿದೆ. ಒಂದೇ ಗೇರಿನಲ್ಲಿ ಸದ್ದು ಬಂದರೆ ಆ ಜೋಡಿಯ ಹಲ್ಲನ್ನು ಅನುಮಾನಿಸುವುದು ಸಹಜ, ಸರಿಯೂ ಹೌದು. ಒಂದೇ ಗೇರಿನಲ್ಲಿ ಸದ್ದು ನಿಂತರೆ? ಸಡಿಲ ಗೇರುಗಳಲ್ಲಿ ಹಲವು ತಂತಮ್ಮ ಶಾಫ್ಟಿನ ಮೇಲೆ ಸಣ್ಣ ಸೂಜಿಯಂಥ ರೋಲರುಗಳಿರುವ ನೀಡಲ್ ಬೇರಿಂಗಿನ ಮೇಲೆ ತಿರುಗುತ್ತವೆ. ಮೂರನೇ ಗೇರ್ ಹಾಕಿದಾಗ ಮೂರನೇ ಗೇರು ಶಾಫ್ಟಿಗೆ ಬಂಧಿಯಾಗಿ ಎರಡೂ ಒಟ್ಟಿಗೆ ಸುತ್ತುತ್ತವೆ, ಅದರ ಸೂಜಿಗಳು ಉರುಳುವುದಿಲ್ಲ. ಉಳಿದೆಲ್ಲ ಗೇರಿನಲ್ಲಿ, ನ್ಯೂಟ್ರಲ್‌ನಲ್ಲಿ ಕೂಡ, ಉರುಳುತ್ತವೆ. ಹಾಗಾಗಿ ಮೂರರಲ್ಲಿ ಮಾತ್ರ ಮೌನವಾಗುವ ಪೆಟ್ಟಿಗೆಯಲ್ಲಿ ಕೆಟ್ಟಿರುವುದು ಮೂರನೇ ಗೇರಿನ ಸೂಜಿ ಬೇರಿಂಗೇ ಆಗಿರಬಹುದು. “ಮೂರನೇ ಗೇರ್ ಒಂದೇ ಚೆನ್ನಾಗಿದೆ” ಎಂದು ಮಾಲೀಕ ಹೇಳಿದ್ದನ್ನು ಮೆಕ್ಯಾನಿಕ್ ಕಿವಿಗೆ ಹಾಕಿಕೊಳ್ಳದಿದ್ದರೆ ಬೇರೆಯ ಗೇರುಗಳಿಗೆ ದುಡ್ಡು ಸುರಿಯಬೇಕಾಗುತ್ತದೆ.

ಗೇರ್ ಹಾಕುವ ಹೊತ್ತಿನಲ್ಲಿ ಮಾತ್ರ ಬರುವ ಕರ್‌ಕರ್ ಬೇರೆಯ ಜಾತಿ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಸಿಂಕ್ರೊಮೆಶ್ ಬರುವವರೆಗೆ, ಎರಡು ಬೇರೆ ಬೇರೆ ವೇಗದಲ್ಲಿ ತಿರುಗುವ ಭಾಗಗಳನ್ನು ಸದ್ದಿಲ್ಲದೆ ಸೇರಿಸುವುದು ಪೂರ್ತಿಯಾಗಿ ಚಾಲಕನ ಕಾಲಿನ ಚಳಕವಾಗಿತ್ತು. ಎರಡು ಸಲ ಕ್ಲಚ್ ತುಳಿಯುತ್ತಿದ್ದರು. ಆ ಕೆಲಸವನ್ನು ಈಗ ಒಂದು ಹಿತ್ತಾಳೆಯ ಉಂಗುರ ಮಾಡುತ್ತದೆ. ಎರಡನೇ ಗೇರಿನ ಅನುಪಾತ 1.9, ಮೂರನೆಯದು 1.28 ಎಂದಿಟ್ಟುಕೊಂಡರೆ, 3,000 ಸುತ್ತಿನಲ್ಲಿ ಎರಡರಿಂದ ಮೂರಕ್ಕೆ ಬದಲಿಸುವಾಗ ಇನ್‌ಪುಟ್ ಶಾಫ್ಟು, ಅದಕ್ಕಂಟಿದ ಕ್ಲಚ್ ಪ್ಲೇಟು ಎಲ್ಲವನ್ನೂ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ 2,000ದ ಹತ್ತಿರಕ್ಕೆ ಇಳಿಸಬೇಕು. ಉಂಗುರ ತನ್ನೊಳಗಿನ ಸಣ್ಣ ಗೀರುಗಳಿಂದ ಆಯಿಲಿನ ಪೊರೆಯನ್ನು ಕೊಯ್ದು, ಗೇರಿನ ಶಂಕುವನ್ನು ಹಿಡಿದು ಉಜ್ಜಿ ಇದನ್ನು ಸಾಧಿಸುತ್ತದೆ. ಗೀರುಗಳು ಸವೆದರೆ ಜಾರುತ್ತದೆ, ಸ್ಲೀವು ಮುಂಚೆಯೇ ನುಗ್ಗಿ ಕರ್ ಎನ್ನುತ್ತದೆ. ಮೇಲಿನ ಗೇರಿಗೆ ಹೋಗುವಾಗ ಆಯಿಲಿನ ಎಳೆತವೂ ವೇಗ ಇಳಿಸಲು ನೆರವಾಗುತ್ತದೆ; ಕೆಳಗೆ ಬರುವಾಗ ಆ ಎಳೆತದ ವಿರುದ್ಧ ವೇಗ ಏರಿಸಬೇಕು. ಸವೆತ ಮೊದಲು ಕಾಣುವುದು ಮೂರರಿಂದ ಎರಡಕ್ಕೆ ಬರುವಾಗ.

ಒಂದೇ ಗೇರಿನಲ್ಲಿ ಕರ್ ಎಂದರೆ ಆ ಗೇರಿನ ಉಂಗುರ. ಎಲ್ಲದರಲ್ಲೂ ಎಂದರೆ ಉಂಗುರಗಳನ್ನು ಬೈಯದೆ ಕ್ಲಚ್ ನೋಡಿ, ಅದು ಪೂರ್ತಿ ಬಿಡುತ್ತಿಲ್ಲ. ನಿಂತ ಕಾರಿನಲ್ಲಿ ಪೆಡಲ್ ಒತ್ತಿ, ಐದು ಸೆಕೆಂಡು ಕಾದು, ರಿವರ್ಸ್ ಹಾಕಿದರೆ ಗೊತ್ತಾಗುತ್ತದೆ. ಕಾದ ಮೇಲೂ ಕರ್ ಎಂದರೆ ಇನ್‌ಪುಟ್ ಶಾಫ್ಟು ಇನ್ನೂ ತಿರುಗುತ್ತಿದೆ. ಕಾಯದೆ ಹಾಕಿದಾಗ ಮಾತ್ರ ಬಂದರೆ ಅವಸರ ನಿಮ್ಮದು. ಎಷ್ಟೋ ಪೆಟ್ಟಿಗೆಗಳಲ್ಲಿ ರಿವರ್ಸಿಗೆ ಸಿಂಕ್ರೊ ಉಂಗುರವೇ ಇರುವುದಿಲ್ಲ.

ಆಯಿಲಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ದಪ್ಪ ಆಯಿಲ್ ತುಂಬಿಸಿ ಸದ್ದು ಅಡಗಿಸುವ ಉಪಾಯ ಸೆಕೆಂಡ್ ಹ್ಯಾಂಡ್ ಕಾರು ಮಾರುವವರಿಗೆ ಚೆನ್ನಾಗಿ ಗೊತ್ತು. ಕೊಳ್ಳುವ ಮುಂಚೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಪೆಟ್ಟಿಗೆಯನ್ನು ಕಾಯಿಸಿ ಆಮೇಲೆ ಕಿವಿಗೊಡುವುದು ಒಳ್ಳೆಯದು. ಡಬ್ಬಿಯ ಮೇಲಿನ ಜಿಎಲ್-4, ಜಿಎಲ್-5 ಎಂಬ ಗುರುತೂ ಮುಖ್ಯ. ಜಿಎಲ್-5ರಲ್ಲಿ ಡಿಫರೆನ್ಷಿಯಲ್ಲಿನ ಭಾರೀ ಒತ್ತಡಕ್ಕೆಂದು ಗಂಧಕ, ರಂಜಕದ ಸಂಯುಕ್ತಗಳನ್ನು ಹೆಚ್ಚು ಸೇರಿಸಿರುತ್ತಾರೆ. ಜಿಎಲ್-4 ಬೇಕೆಂದ ಪೆಟ್ಟಿಗೆಗೆ ಅದನ್ನು ಹಾಕಿದರೆ ಸಿಂಕ್ರೊ ಉಂಗುರ ಹಿಡಿಯಬೇಕಾದಲ್ಲಿ ಜಾರುತ್ತದೆ, ಕೆಲವು ಬಗೆಯವು ಹಿತ್ತಾಳೆಯನ್ನು ತಿನ್ನಲೂಬಹುದು. ಹೆಚ್ಚಿನ ಸಂಖ್ಯೆ ಹೆಚ್ಚು ಒಳ್ಳೆಯದು ಎಂದು ಅಂಗಡಿಯವನು ಹೇಳಿದರೆ ಒಪ್ಪಬೇಡಿ.

ಬಸಿದ ಆಯಿಲ್ ಪೆಟ್ಟಿಗೆ ಬಿಚ್ಚದೆ ಸಿಗುವ ಕೊನೆಯ ಸಾಕ್ಷಿ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಮೆತ್ತಿದ ಬೂದು ಪೇಸ್ಟು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು, ಚಕ್ಕೆ ಸಿಕ್ಕರೆ ಸಹಜವಲ್ಲ. ಅಯಸ್ಕಾಂತಕ್ಕೆ ಅಂಟದೆ ಆಯಿಲಿನಲ್ಲಿ ಹೊಂಬಣ್ಣದ ಮಿನುಗು ತೇಲಿದರೆ ಸಿಂಕ್ರೊ ಉಂಗುರ. ಬೆಳ್ಳಿ ಬಣ್ಣದ್ದಾಗಿದ್ದೂ ಅಂಟದಿದ್ದರೆ ಅಲ್ಯೂಮಿನಿಯಂ, ಅಂದರೆ ಬೇರಿಂಗು ತನ್ನ ಗೂಡಿನೊಳಗೇ ತಿರುಗಿ ಪೆಟ್ಟಿಗೆಯ ಗೋಡೆಯನ್ನು ಕೆರೆಯುತ್ತಿರಬಹುದು. ಇದು ಮೊದಲಿನ ಎರಡಕ್ಕಿಂತ ದುಬಾರಿ ಸುದ್ದಿ.

ಇಷ್ಟಾದ ಮೇಲೂ ಇಳಿಸಲೇಬೇಕೆಂದರೆ ಇಳಿಸಿ. ಅದಕ್ಕೆ ಮುಂಚೆ, ಯಾವ ಭಾಗ ಕೆಟ್ಟಿದೆ ಎಂದು ನಿಮ್ಮ ಪರೀಕ್ಷೆಗಳು ಹೇಳುತ್ತವೋ ಅದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಬೇರಿಂಗ್ ಕಳಚಿದ ಮೇಲೆ ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು, ಒರೆಸಿ, ಒಳ ಉಂಗುರವನ್ನು ಬೆರಳಿಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸಿದರೆ ಚಕ್ಕೆ ಎದ್ದ ಜಾಗ ಬೆರಳಿಗೇ ತಾಗುತ್ತದೆ. ಗಾಳಿಯ ಪೈಪಿನಿಂದ ಊದಿ ಗಿರಕಿ ಹೊಡೆಸಬಾರದು, ಎಣ್ಣೆಯಿಲ್ಲದ ಬೇರಿಂಗು ಅಷ್ಟರಲ್ಲೇ ಹಾಳಾಗಬಹುದು. ಉಂಗುರದ ಮೇಲೆ ಕೊರೆದ ಸಂಖ್ಯೆಯನ್ನು ಬರೆದುಕೊಂಡರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಕಾರಿನ ಹೆಸರು ಹೇಳುವ ಅಗತ್ಯವೂ ಬಾರದಿರಬಹುದು. 6205ರಲ್ಲಿ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ರಂಧ್ರದ ಅಳತೆಯೇ ಸಿಗುತ್ತದೆ. ಪೆಟ್ಟಿಗೆ ಹೇಗೂ ಕೆಳಗಿದೆ ಎಂದಮೇಲೆ ರಿಲೀಸ್ ಬೇರಿಂಗು, ಆಯಿಲ್ ಸೀಲುಗಳನ್ನು ಹೊಸದು ಹಾಕಿಸಿ, ಅವುಗಳ ಬೆಲೆ ಇನ್ನೊಂದು ಸಲ ಇಳಿಸುವ ಕೂಲಿಯ ಮುಂದೆ ಏನೂ ಅಲ್ಲ. ಚೀಟಿಯಲ್ಲಿ ಬರೆದ ಭಾಗದ ಮೇಲೆ ಒಂದು ಗೀರೂ ಇಲ್ಲದಿದ್ದರೆ ಪೆಟ್ಟಿಗೆ ಮುಚ್ಚಲು ಬಿಡಬೇಡಿ. ಸದ್ದು ಮಾಡುತ್ತಿದ್ದ ಭಾಗ ಇನ್ನೂ ಒಳಗೇ ಇದೆ.